ಡಾಫ್ನಿ ಅಜ್ಜಿಯ ಬೆಕ್ಕಿನ ಬೇಟೆ

ಡಾಫ್ನಿ ಅಜ್ಜಿ ಮರಳಿನ ಮೇಲೆ ಬಗ್ಗಿ ಹೆಜ್ಜೆ ನೋಡಿದಳೆಂದರೆ ಹಲ್ಲಿಯ ಗುಟ್ಟೂ ಉಳಿಯುವುದಿಲ್ಲ. ಹಾರಿಹೋದ ಹದ್ದಿನ ನೆರಳು ಯಾವ ಕಾಲಲ್ಲಿ ಕುಂಟುತ್ತಿತ್ತು ಅಂತಲೂ ಒಮ್ಮೆ ಹೇಳಿದ್ದಳಂತೆ. ಸುಳ್ಳು ಅನ್ನುವವರು ನಮ್ಮ ಮರಳುಗುಡ್ಡಗಳಿಗೆ ಬಂದು ಅವಳೆದುರೇ ಅನ್ನಲಿ.

ಅವಳು ಹುಟ್ಟಿದ್ದು ಇದೇ ಕೆಂಪು ಮರಳಲ್ಲಿ, ಮುಳ್ಳುಹುಲ್ಲಿನ ಪೊದೆಯ ಮರೆಯಲ್ಲಿ. ಆಗ ಮೊಲದಷ್ಟಿರುವ, ಉದ್ದಕಿವಿಯ ಬಿಲ್ಬಿಗಳು ಎಷ್ಟಿದ್ದವೆಂದರೆ, ಅವುಗಳ ಬಿಲಕ್ಕೆ ಕಾಲು ಸಿಕ್ಕಿಸಿಕೊಳ್ಳದೆ ನೀರಿಗೆ ಹೋಗುವಂತಿರಲಿಲ್ಲ. ಆಮೇಲೆ ಬಿಳಿಯರ ಬೆಕ್ಕುಗಳು ಕಾಡುಪಾಲಾಗಿ ಬಂದವು, ಬಿಲಗಳು ಬರಿದಾದವು. ನಮ್ಮ ಹಿರಿಯರ ನೆಲ ರಾಷ್ಟ್ರೀಯ ಉದ್ಯಾನವಾದಾಗ ಅಜ್ಜಿ ರೇಂಜರ್ ಅಂಗಿ ತೊಟ್ಟಳು. ಇಬ್ಬರು ಹಿಡಿಸುವಷ್ಟು ದೊಗಳೆ ಅಂಗಿ. ಅವಳ ಹೆಮ್ಮೆಗೆ ಅದೂ ಬಿಗಿಯಾಯಿತು.

ಒಂದು ಬೆಳಿಗ್ಗೆ ಉಪ್ಪುಕೆರೆಯ ಹತ್ತಿರದ ಬಿಲದ ಬಾಯಲ್ಲೇ ಬೆಕ್ಕಿನ ಹೆಜ್ಜೆ ಕಂಡಿತು. ಆ ಬಯಲಲ್ಲಿ ಉಳಿದಿದ್ದದ್ದು ಒಂದೇ ತಾಯಿ ಬಿಲ್ಬಿ, ಅದರ ಹೊಟ್ಟೆಯ ಚೀಲದಲ್ಲಿ ಮರಿ ಬೇರೆ. ಬೆಕ್ಕು ಮತ್ತೆ ಬಂದರೆ ಅಲ್ಲಿಗೆ ಮುಗಿಯಿತು.

ಅಂದು ಗಾಡಿ ಓಡಿಸಲು ಸಿಕ್ಕವನು ಅವಳ ಅಳಿಯ ಸೆಲ್ವಿನ್ ಒಬ್ಬನೇ. ನಮ್ಮಲ್ಲಿ ಅತ್ತೆ, ಅಳಿಯ ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ, ಅದು ಮರ್ಯಾದೆ. ನಡುವೆ ಕೂತು ಮಾತು ದಾಟಿಸಬೇಕಾದ ಅಜ್ಜಿಯ ತಂಗಿ ಪ್ಯಾನ್ಸಿ ಹಿಂದಿನ ದಿನ ಫುಟ್‌ಬಾಲ್ ಆಟದಲ್ಲಿ ಕಿರುಚಿ ಗಂಟಲು ಕಟ್ಟಿಸಿಕೊಂಡಿದ್ದಳು.

ಅಜ್ಜಿ ಪಿಕಪ್ ಗಾಡಿಯ ಹಿಂಬದಿಯಲ್ಲಿ, ಅಳಿಯನಿಗೆ ಬೆನ್ನು ಹಾಕಿ ಕೂತಳು. ಮಡಿಲಲ್ಲಿ ಮಸಿ ಹಿಡಿದ ಟೀ ಕೆಟಲ್.

“ಏನಪ್ಪಾ ಕೆಟಲ್ಲು, ಆ ಒಣಮರದ ಹತ್ರ ಎಡಕ್ಕೆ ತಿರುಗಿದ್ರೆ ಚೆನ್ನಾಗಿತ್ತು!” ಎಂದು ಕೂಗಿದಳು.

ಗಾಡಿ ಎಡಕ್ಕೆ ತಿರುಗಿತು.

“ನಿಧಾನ! ಹಿಂದೆ ಇರೋದು ಮುದುಕೀರು, ಹಿಟ್ಟಿನ ಮೂಟೆ ಅಲ್ಲ!”

ಪಕ್ಕದಲ್ಲಿ ಕೂತಿದ್ದ ಪ್ಯಾನ್ಸಿ ಪಿಸುಗುಟ್ಟಿದಳು: “ಅಕ್ಕಾ, ನಿನ್ನ ಗಂಡನಿಗೂ ಹಿಂಗೇ ಬೈತಿದ್ದೆ. ಅವನು ಈ ಕೆಟಲ್ಲಿಗಿಂತ ಬೇಗ ಕಾಯ್ತಿದ್ದ.”

“ಮುಚ್ಚೇ ಬಾಯಿ. ಉಳಿದಿರೋ ಚೂರು ಗಂಟಲೂ ಹೋಗತ್ತೆ.”

ಗುಡ್ಡದ ಬುಡದಲ್ಲಿ ಇಳಿದು ನಡೆದರು. ಅಜ್ಜಿ ಬೆಕ್ಕಿನ ಹೆಜ್ಜೆಯ ಜಾಡು ಹಿಡಿದಳು. ಸೆಲ್ವಿನ್ ಹಾರೆಕೋಲು ಹಿಡಿದು ದೂರದಲ್ಲೇ ಸಾಗಿದ. ಬಿಸಿಲೇರಿತು. ಬೆಕ್ಕು ಓಡಿತು, ಕೂತಿತು, ಮತ್ತೆ ಓಡಿತು. ಕೊನೆಗೆ ಸುಸ್ತಾಗಿ ಒಂದು ಪೊದೆಯೊಳಗೆ ನುಸುಳಿತು. ಸೆಲ್ವಿನ್ ಅದನ್ನು ಕಾಣದೆ ದಾಟಿಯೇ ಹೋದ.

ಕೆಟಲ್ ಗಾಡಿಯಲ್ಲೇ ಉಳಿದಿತ್ತು. ಅಜ್ಜಿ ಸುತ್ತ ನೋಡಿದಳು. ಒಣಕೊಂಬೆಯ ಮೇಲೆ ಒಂದು ಕಾಗೆ.

“ಲೇ ಕಾಗೆ! ನಿನ್ನ ಬೆನ್ನ ಹಿಂದಿನ ಪೊದೆ ಕಣೋ! ಬಲಗಡೆ, ಬಗ್ಗಿ ನೋಡು!”

ಕಾಗೆ ಬೆಚ್ಚಿ ಹಾರಿಹೋಯಿತು. ಸೆಲ್ವಿನ್ ಗಿರಕ್ಕನೆ ತಿರುಗಿ ಒಂದೇ ಏಟು ಹಾಕಿದ.

ಕುರಿಮರಿಯಷ್ಟು ದಪ್ಪ ಬೆಕ್ಕು. ಈಗ ಕೇಳಿದರೆ ಕಾಂಗರೂ ಅಷ್ಟಿತ್ತು ಅನ್ನುತ್ತಾರೆ, ಇರಲಿ. ಬೇಟೆಯಾಡಿದ ಬೆಕ್ಕನ್ನು ನಮ್ಮಲ್ಲಿ ತಿನ್ನುತ್ತಾರೆ. ಕೆಂಡದಲ್ಲಿ ಸುಟ್ಟು, ಕೊಬ್ಬಿನ ತೊಡೆಯನ್ನು ಸೆಲ್ವಿನ್ ಪ್ಯಾನ್ಸಿಯ ಕೈಯಲ್ಲಿ ಅತ್ತೆಗೆ ಕಳಿಸಿ, ತಾನು ದೂರದ ಮರದಡಿ ಹೋಗಿ ಕೂತ.

ಕೆಲವು ವಾರಗಳಾದ ಮೇಲೆ ಬಿಲದ ಬಾಯಲ್ಲಿ ತಾಯಿಯ ಹೆಜ್ಜೆಯ ಪಕ್ಕ ಉಗುರಿನಷ್ಟು ಪುಟ್ಟ ಹೆಜ್ಜೆಗಳು ಮೂಡಿದ್ದವು. ಅಜ್ಜಿ ಊರಿನ ಹೆಂಗಸರನ್ನೆಲ್ಲ ಗಾಡಿ ಹತ್ತಿಸಿ ಕರೆತಂದಳು.

“ನೋಡ್ರೇ, ನಮ್ಮ ನೆಲದ ಕೂಸು!” ಎಂದಳು. ಆಮೇಲೆ ಗುಡ್ಡದಾಚೆಗೂ ಕೇಳುವ ಹಾಗೆ ದನಿ ಏರಿಸಿದಳು: “ಇದನ್ನ ಉಳಿಸಿದ್ದು ಯಾರು ಗೊತ್ತೇನ್ರೇ? ನನ್ನ ಮಗಳ ಗಂಡ! ಒಂದೇ ಏಟು! ಅಂಥ ಕೈ ಈ ಮರಳುಗಾಡಲ್ಲೇ ಇನ್ನೊಂದಿಲ್ಲ!”

ಸೆಲ್ವಿನ್ ಗಾಡಿಯ ಆಚೆ ಬೆನ್ನು ತಿರುಗಿಸಿ ಕೂತು, ಆಗಲೇ ಬಿಗಿಯಾಗಿದ್ದ ಚಕ್ರದ ನಟ್ಟನ್ನು ಮತ್ತೆ ಮತ್ತೆ ಬಿಗಿಸುತ್ತಿದ್ದ.