ಆಕಳಿಸಿದರೆ ಏಳುವ ಕೈ

ರೇಷ್ಮೆ ಹುಳುಗಳಿಗೆ ಬೆಳಗಿನ ಸೊಪ್ಪು ಹಾಕುತ್ತಿದ್ದೆ. ಸೊಪ್ಪು ಕೈಯಿಂದ ಜಾರಿ ರಾಶಿಯಾಗಿ ಬಿತ್ತು. ಎತ್ತಲು ಹೋದೆ. ಬಲಗೈ ಬರಲಿಲ್ಲ. ಯಜಮಾನರನ್ನು ಕೂಗಿದೆ. ಬಾಯಿಂದ ಬಂದದ್ದು ಮಾತಾಗಿರಲಿಲ್ಲ.

ಸ್ಟ್ರೋಕ್.

ಹಿಂದೂಪುರದ ಆಸ್ಪತ್ರೆಯಿಂದ ಮಡಕಶಿರದ ಹತ್ತಿರದ ನಮ್ಮೂರಿಗೆ ಮರಳುವಷ್ಟರಲ್ಲಿ ಮಾತು ಬಂದಿತ್ತು. ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದೆ. ಕೈ ಮಾತ್ರ ಮುಷ್ಟಿ ಬಿಗಿದು ಎದೆಗೆ ಅವಚಿಕೊಂಡಿತ್ತು. ಇವಳಿಗೆ ಬಾಯಿ ಮೊದಲು ಬರುತ್ತದೆಂದು ಗೊತ್ತಿತ್ತು ಅಂತ ಯಜಮಾನರು ರೇಗಿಸಿದರು. ನಗಲು ಹೋದೆ, ಮುಖ ಅರ್ಧವೇ ನಕ್ಕಿತು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ಆಕಳಿಕೆ ಬಂತು. ಬಾಯಿ ತೆರೆದೆ. ಕೈ ಎದ್ದಿತು.

ನಾನು ಎತ್ತಲಿಲ್ಲ. ಅದೇ ಎದ್ದಿತು.

ಮೆಲ್ಲಗೆ ಭುಜದ ಮಟ್ಟಕ್ಕೆ ಬಂದು, ಆಕಳಿಕೆ ಮುಗಿದೊಡನೆ ಇಳಿದು ಮತ್ತೆ ಎದೆಗೆ ಅವಚಿಕೊಂಡಿತು. ಎದುರಿಗೆ ಕಡಲೆಕಾಯಿ ಸುಲಿಯುತ್ತಿದ್ದ ರಂಗಕ್ಕ ಮೊರ ಬಿಟ್ಟು ಎದ್ದು ನಿಂತಳು. ರಂಗಕ್ಕ ನನ್ನ ಗಂಡನ ಅಕ್ಕ, ನಮ್ಮ ಜೊತೆಗೇ ಇರುವವಳು. ನಾನು ಸೊಸೆಯಾಗಿ ಬರುವ ಮೊದಲೇ ನಮ್ಮತ್ತೆಗೆ ಲಕ್ವ ಹೊಡೆದಿತ್ತಂತೆ. ಅವರ ಕೈಯೂ ಹೀಗೇ ಏಳುತ್ತಿತ್ತಂತೆ. ಅದು ಯಾರನ್ನೋ ಕರೆಯುತ್ತಿತ್ತು, ಕರೆಸಿಕೊಂಡವರು ಬಂದು ಅವ್ವನನ್ನೇ ಕರೆದುಕೊಂಡು ಹೋದರು ಎಂದು ರಂಗಕ್ಕ ಇವತ್ತಿಗೂ ನಂಬಿದ್ದಾಳೆ.

"ಅದು ಕರೀತೈತೆ ಕಣೇ. ಬಿಡಬಾರ್ದು," ಎಂದವಳೇ ಅತ್ತೆಯ ಹಳೇ ಸೀರೆ ಹರಿದು ನನ್ನ ಕೈಯನ್ನು ಎದೆಗೆ ಕಟ್ಟಿದಳು. ಹುಳುಮನೆಗೂ ಕಾಲಿಡಬೇಡ ಅಂದಳು. ಅಂಥ ಕೈ ಮುಟ್ಟಿದ ಹುಳು ಗೂಡು ಕಟ್ಟುವುದಿಲ್ಲವಂತೆ.

ಬೇರೆ ಹೊತ್ತಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ನನಗೂ ಭಯ ಹೊಕ್ಕಿತ್ತು. ಮಲಗಿದರೆ ಆ ಕೈ ನನ್ನ ಪಕ್ಕದಲ್ಲಿ ಮಲಗಿದ ಇನ್ನೊಬ್ಬಳಂತಿರುತ್ತಿತ್ತು. ಆಕಳಿಕೆ ಬಂದರೆ ಹಲ್ಲು ಕಚ್ಚುತ್ತಿದ್ದೆ. ಗೋಡೆಯಾಚೆ ಹುಳು ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತಿತ್ತು. ನನ್ನ ಮನೆಯಲ್ಲಿ ನಾನೇ ಹೊರಗಿನವಳಾದೆನಲ್ಲ ಎಂದು ಅಳು ಬರುತ್ತಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಕೈಗೆ ದಿನನಿತ್ಯದ ಕೆಲಸ ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಗೆ ಕಳಿಸಿದರು. ಥೆರಪಿಸ್ಟ್ ಕನ್ನಡ ತೆಲುಗು ಬೆರೆಸಿ ಮಾತಾಡುವ ಹೆಣ್ಣುಮಗಳು. ಮೊದಲು ಕಟ್ಟು ಬಿಚ್ಚಿದಳು. ಮೊಣಕೈ ಬಿಡಿಸುವಾಗ ಅಯ್ಯೋ ಶಿವನೇ, ಜೀವ ಹೋಗಿ ಬಂತು. ಯಾಕೆ ಕಟ್ಟಿದ್ದು ಅಂದಳು. ನಾಚಿಕೆ ಬಿಟ್ಟು ಹೇಳಿದೆ. ಅವಳು ನಗಲಿಲ್ಲ. ನಾವು ಬೇಕೆಂದು ಕೈ ಎತ್ತುವ ದಾರಿಗೆ ಮೆದುಳಲ್ಲಿ ಪೆಟ್ಟು ಬಿದ್ದಿದೆ, ಆಕಳಿಕೆ ಬರುವ ದಾರಿಯೇ ಬೇರೆ, ಅದರ ಜೊತೆ ಕೈ ತಾನಾಗಿ ಏಳುತ್ತದೆ, ಇಂಥ ಕೈಗಳನ್ನು ಬೇಕಾದಷ್ಟು ಕಂಡಿದ್ದೇನೆ, ಕಟ್ಟಿದರೆ ಇನ್ನೂ ಬಿಗಿಯುತ್ತದೆ ಎಂದು ವಿವರಿಸಿದಳು.

ಈ ಕೈಯಿಂದ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು. ಮೇವು ಬಿಟ್ಟು ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡುವುದು ಅಂದೆ. ಎಡಗೈಯಲ್ಲಿ ತೋರಿಸಲು ಹೇಳಿದಳು. ಬರಿಗಾಳಿಯಲ್ಲೇ ಹುಳು ಆರಿಸಿದೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು ಒಂದೊಂದನ್ನೂ ಗಮನಿಸುತ್ತ ಮತ್ತೆ ಮತ್ತೆ ಮಾಡಿಸಿದಳು. ಮದುವೆಯಾದಾಗಿನಿಂದ ಮಾಡಿದ ಕೆಲಸವನ್ನು ನಾನೇ ಆವತ್ತು ಮೊದಲ ಸಲ ನೋಡಿದೆ. ಹುಳುವನ್ನು ಮುಟ್ಟುವ ಮೊದಲು ಬೆರಳು ಅಗಲ ತೆರೆಯುತ್ತದೆ, ಬಿಡುವಾಗ ಮತ್ತೆ ತೆರೆಯುತ್ತದೆ. ಕೈ ಕಟ್ಟುವ ಮೊದಲು ಮನೆಯಲ್ಲಿ ಎಲ್ಲರೂ ರಬ್ಬರ್ ಚೆಂಡು ಕೊಟ್ಟು ಹಿಸುಕು ಹಿಸುಕು ಅನ್ನುತ್ತಿದ್ದರು.

"ಹಿಡಿಯೋದು ಅದಕ್ಕೆ ಗೊತ್ತಮ್ಮಾ. ಬಿಡೋದು ಕಲಿಸೋಣ," ಅಂದಳು.

ಮೇಜಿಗೆ ಮೊಣಕೈ ಊರಿ, ಹತ್ತಿಯ ಉಂಡೆ ಹಿಡಿದು ಬಿಡುವುದೇ ಪಾಠ. ಒಂದು ದಿನ ಬೆರಳು ಬಿಚ್ಚುತ್ತಿತ್ತು, ಮರುದಿನ ಹಟ ಹಿಡಿಯುತ್ತಿತ್ತು.

ಹುಳು ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಆವತ್ತು ನಾನು ಹುಳುಮನೆಯೊಳಗೆ ಹೋದೆ. ರಂಗಕ್ಕ ಅಡ್ಡ ಬಂದಳು. ಒಂದೇ ಒಂದು ಹುಳು, ಅದು ಗೂಡು ಕಟ್ಟದಿದ್ದರೆ ಮತ್ತೆ ಈ ಬಾಗಿಲಿಗೆ ಬರುವುದಿಲ್ಲ ಅಂದೆ. ಹುಳುವಿನ ತಟ್ಟೆಯಂಚಿಗೆ ಬಲಗೈ ಮಣಿಕಟ್ಟು ಆನಿಸಿದೆ. ಬೆರಳು ತೆರೆಯಿತು, ಹಿಡಿಯಿತು. ಚಂದ್ರಿಕೆಯ ಖಾಲಿ ಮೂಲೆಗೆ ತಂದೆ.

ಬಿಡಲು ಆಗಲಿಲ್ಲ.

ಹುಳು ಬೆರಳೊಳಗೆ ಮಿಸುಕಾಡಿತು. ಸಾಯಿಸಿಬಿಡುತ್ತೇನೆ ಅನ್ನಿಸಿತು. "ಬಿಡೇ, ಮೆಲ್ಲಗೆ ಬಿಡು," ಅಂದಳು ರಂಗಕ್ಕ, ತಾನೇ ಉಸಿರು ಹಿಡಿದು. ಬೆರಳು ಬಿಚ್ಚಿತು. ಆ ಮೂಲೆಗೆ ಅವಳು ಗುರುತಿಗೆಂದು ನನ್ನ ಕೈ ಕಟ್ಟಿದ್ದ ಅದೇ ಸೀರೆಯ ಚೂರು ಕಟ್ಟಿದಳು.

ಗೂಡು ಬಿಡಿಸುವ ದಿನ ರಂಗಕ್ಕ ಮೊದಲು ಹೋಗಿದ್ದು ಆ ಮೂಲೆಗೆ. ಗೂಡು ಚಿಕ್ಕದಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೋಶವಾಗಿದ್ದ ಹುಳು ಲೊಟಲೊಟ ಅಂದಿತು.

"ಕಟ್ಟೈತೆ ಕಣೇ," ಅಂದು ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟಳು.

ಈಗಲೂ ಆಕಳಿಸಿದರೆ ಕೈ ಏಳುತ್ತದೆ. ಕಾರಣ ನನಗೆ ಗೊತ್ತು, ರಂಗಕ್ಕನಿಗೂ ಹೇಳಿದ್ದೇನೆ. ಆದರೂ ಇಬ್ಬರೂ ಒಮ್ಮೆ ಬಾಗಿಲ ಕಡೆ ನೋಡುತ್ತೇವೆ. ಯಾರೂ ಇರುವುದಿಲ್ಲ. ಕೈ ಇಳಿಯುವವರೆಗೆ ಅವಳು ಕಾಯುತ್ತಾಳೆ, ಆಮೇಲೆ ಅದರ ಮುಂದೆ ಹುಳುವಿನ ತಟ್ಟೆ ಇಡುತ್ತಾಳೆ.