ಕರಗುವ ಬಟ್ಟಲು

ಎಂಬತ್ತರ ದಶಕದಲ್ಲಿ ಸಾಗರದ ಕಾಲೇಜಿನಲ್ಲಿ ನನ್ನ ಜೊತೆ ರಸಾಯನಶಾಸ್ತ್ರ ಕಲಿಸುವವರೊಬ್ಬರಿದ್ದರು. ಕೊಬ್ಬರಿ ಎಣ್ಣೆಯಿಂದ ತೆಗೆದ ಗ್ಲಿಸರಿನ್ನಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಬೆರೆಸಿ ಕಾಯಿಸಿ, ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಟ್ಟೆ ಚೀಲಕ್ಕೆ ಬದಲಾಗಿ ಬಟ್ಟಲು ಎರಕ ಹೊಯ್ಯುತ್ತಿದ್ದರು. ಬೆರಳು ಸುಟ್ಟರೆ ಕಿವಿ ಹಿಡಿದುಕೊಂಡು, ‘ನೋಡಾಣ, ಏನಾಗ್ತದೆ ಅಂತ’ ಎನ್ನುತ್ತಿದ್ದರು. ಹುಡುಗರೆಲ್ಲ ಅವರ ಸುತ್ತಲೇ ಇರುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ವಿಜ್ಞಾನ ಪ್ರದರ್ಶನದಲ್ಲಿ ಪ್ರಿನ್ಸಿಪಾಲರು ಸಸಿಯಿದ್ದ ಬಟ್ಟಲನ್ನು ಎತ್ತಿ ಹಿಡಿದರು. ನೀರು ಕುಡಿದು ಮೆತ್ತಗಾಗಿದ್ದ ತಳ ಕಳಚಿ, ಕೆಸರೆಲ್ಲ ಅವರ ಬಿಳಿ ಪಂಚೆಯ ಮೇಲೆ ಬಿತ್ತು. ನಾನು ಒಳಗೊಳಗೇ ಹಿಗ್ಗಿದೆ.

‘ನೋಡಿದ್ರಾ ಸಾರ್, ಇದು ಮಣ್ಣಿಗೆ ಸೇರ್ತದೆ! ಪ್ಲಾಸ್ಟಿಕ್ ಸೇರ್ತದಾ?’ ಎಂದು ನನ್ನ ಸಹೋದ್ಯೋಗಿ ಕುಣಿದೇಬಿಟ್ಟರು.

ಪ್ರಿನ್ಸಿಪಾಲರು ಪಂಚೆ ಕೊಡವುತ್ತ, ‘ನಮ್ಮನೆಗೂ ಒಂದು ಮಾಡ್ಕೊಡಿ ಮಾರಾಯ್ರೇ’ ಎಂದು ನಕ್ಕರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಯಾವ ಗೆಲುವಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.