ಮುರಿಗೆಪ್ಪ ವಸ್ತಾದನ ರುಮಾಲು

ಕಲ್ಲೋಳಿಯ ಗರಡಿಮನೆಯಲ್ಲಿ ಕುಸ್ತಿ ಕಲಿಸುತ್ತಿದ್ದ ಮುರಿಗೆಪ್ಪ ವಸ್ತಾದನ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಹರೆಯದಲ್ಲಿ ಭುಜದ ನೋವನ್ನು ಮುಚ್ಚಿಟ್ಟು ಅಖಾಡಕ್ಕೆ ಇಳಿದಿದ್ದಕ್ಕೆ ಸಿಕ್ಕ ಇನಾಮು ಅದು. ತಲೆಗೆ ರುಮಾಲು ಸುತ್ತಿಕೊಳ್ಳಲೂ ಇನ್ನೊಬ್ಬರು ಬೇಕು. ಹತ್ತು ವರ್ಷಗಳಿಂದ ಆ ಕೆಲಸ ಶಿಷ್ಯ ಬೀರಸಿದ್ದಪ್ಪನದು. ಗುರುವಿಗೆ ರುಮಾಲು ಸುತ್ತದೆ ಅವನು ಅಖಾಡದ ಮಣ್ಣು ಮುಟ್ಟುತ್ತಿರಲಿಲ್ಲ.

ಮೂವತ್ತಾರನೇ ಇಸವಿಯ ಬೇಸಿಗೆಯಲ್ಲಿ ಹುಕ್ಕೇರಿಯ ಅಲ್ಲಪ್ಪ ಪೈಲ್ವಾನನ ಜೊತೆ ಬೀರಸಿದ್ದಪ್ಪನ ಕುಸ್ತಿ ನಿಶ್ಚಯವಾಯಿತು. ಎದುರಾಳಿಯ ಎಡದೋಳು ಹಿಡಿದು ಹಿಂದಕ್ಕೆ ತಿರುವುವುದರಲ್ಲಿ ಅಲ್ಲಪ್ಪ ಎತ್ತಿದ ಕೈ. ಕಲ್ಲೋಳಿಗೆ ಕಲ್ಲೋಳಿಯೇ ಬೀರಸಿದ್ದಪ್ಪನಿಗೆ ಹಾಲು ಬೆಣ್ಣೆ ತಿನ್ನಿಸಲು ನಿಂತಿತು. ವಾರಕ್ಕೊಮ್ಮೆ ಬೆಲ್ಲ ತೂಗುವ ತಕ್ಕಡಿಯಲ್ಲಿ ಕೂರಿಸಿ, ತೂಕ ಏರಿದಾಗ ಶಿಳ್ಳೆ ಹೊಡೆಯುವರು. ಇವನೇನು ಪೈಲ್ವಾನನೋ ಬೆಲ್ಲದ ಪೆಂಟೆಯೋ ಎಂದು ಮುರಿಗೆಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ವಸ್ತಾದನ ಪರೀಕ್ಷೆಯೇ ಬೇರೆ. ಕುಸ್ತಿಗೆ ಎರಡು ದಿನ ಮುಂಚೆ ಒಣಗಿದ ಕಲ್ಲುಚಪ್ಪಡಿಯ ಮೇಲೆ ಶಿಷ್ಯನಿಂದ ಇನ್ನೂರು ದಂಡ ಹೊಡೆಸಿ, ಬಿದ್ದ ಬೆವರಿನ ಅಚ್ಚು ನೋಡಿದ. ಬಲ ಅಂಗೈ ಇಡಿಯಾಗಿ ಮೂಡಿತ್ತು. ಎಡಗೈಯದು ಬರೀ ಬೆರಳ ತುದಿ.

“ಎಡಕ್ಕ ಭಾರಾನ ಹಾಕಿಲ್ಲಲ್ಲೋ. ಭುಜಕ್ಕ ಏನಾಗೇತಿ?”

“ಏನೂ ಆಗಿಲ್ರಿ ವಸ್ತಾದರ.”

ಮುರಿಗೆಪ್ಪನ ಕೈ ತಲೆಯ ರುಮಾಲಿಗೆ ಹೋಯಿತು. ಎಂಟು ದಿನದಿಂದ ಇವನು ತನ್ನನ್ನು ಕೆಳಗೆ ಕೂರಿಸಿ ರುಮಾಲು ಸುತ್ತುತ್ತಿದ್ದ. ಮುದುಕನ ಮೊಣಕಾಲಿನ ಮೇಲೆ ಎಷ್ಟು ಕರುಣೆ ಎಂದು ತಾನು ಹಿಗ್ಗಿದ್ದ! ಕೈ ಮೇಲೆತ್ತಲಾರದೆ ಕೂರಿಸುತ್ತಿದ್ದಾನೆ ಎಂದು ಹೊಳೆದಿರಲಿಲ್ಲ.

“ಈ ಕುಸ್ತಿ ಬ್ಯಾಡ,” ಎಂದ.

“ಊರ ಮಂದಿ ಮಾತ ಕೊಟ್ಟಾರ್ರಿ. ನಾ ಹೋಗಾಂವನ.”

ಊರ ಹಿರಿಯ ದುಂಡಪ್ಪನೂ ಕಿವಿಗೆ ಹಾಕಿಕೊಳ್ಳಲಿಲ್ಲ. “ತೂಕ ಏರೇತಲ್ಲೋ ಮುರಿಗೆಪ್ಪ, ಇನ್ನೇನ ಬೇಕ?” ಎಂದು ನಕ್ಕ.

ಹುಕ್ಕೇರಿಯ ಅಖಾಡದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮುರಿಗೆಪ್ಪ ಮಣ್ಣಿನ ಅಂಚಿಗೇ ಬಂದು ನಿಂತ. ಸ್ವಲ್ಪ ಹೊತ್ತು ಬೀರಸಿದ್ದಪ್ಪ ಚೆನ್ನಾಗಿಯೇ ಆಡಿದ. ಆಮೇಲೆ ಅಲ್ಲಪ್ಪನ ಕೈಗೆ ಎಡದೋಳು ಸಿಕ್ಕಿತು. ತಿರುವಿದ. ಬೀರಸಿದ್ದಪ್ಪ ಹಲ್ಲು ಕಚ್ಚಿದ, ಮುಖ ಬಿಳಿಚಿತು, ಸೋತೆ ಅನ್ನಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಮುರಿಗೆಪ್ಪನೂ ಅಂದಿರಲಿಲ್ಲ.

ಶಿಷ್ಯನ ಪರವಾಗಿ ಗುರು ಸೋಲೊಪ್ಪಬೇಕಾದರೆ ತಲೆಯ ರುಮಾಲು ಮಣ್ಣಿಗಿಡಬೇಕು. ಅಂಥ ಅವಮಾನ ಕಂಡವರು ಆ ಸೀಮೆಯಲ್ಲಿ ಕಡಿಮೆ. ಮುರಿಗೆಪ್ಪ ಒಳಗೆ ನುಗ್ಗಿ ಬಲಗೈಯಿಂದ ರುಮಾಲು ಕಿತ್ತು ಅಲ್ಲಪ್ಪನ ಕಾಲ ಬಳಿ ಇಟ್ಟ.

“ಬಿಡಪಾ, ಸೋತೇವಿ.”

ಅಲ್ಲಪ್ಪ ಬಿಟ್ಟ. ಜನ ಹೋ ಎಂದು ಕೂಗಿದರು, ಯಾರೋ ಮಣ್ಣು ತೂರಿದರು. ಬೀರಸಿದ್ದಪ್ಪ ಗುರುವಿನ ಮುಖ ನೋಡದೆ ಹೊರಟುಹೋದ. ಮುರಿಗೆಪ್ಪ ರುಮಾಲು ಎತ್ತಿ ಮಣ್ಣು ಕೊಡವಿಕೊಂಡ.

ಮೂರು ದಿನ ಅವನು ಗರಡಿಮನೆಗೆ ಬರಲಿಲ್ಲ. ಬೇರೆಯವರು ರುಮಾಲು ಸುತ್ತಲು ಬಂದರೆ ಮುರಿಗೆಪ್ಪ ಬೈದು ಕಳಿಸಿ, ಬರಿತಲೆಯಲ್ಲೇ ಕೂತ. ನಾಲ್ಕನೆಯ ಬೆಳಗ್ಗೆ ಬೀರಸಿದ್ದಪ್ಪ ಬಾಗಿಲಲ್ಲಿ ನಿಂತ. ಒಳಗೆ ಬಂದು, ಗೂಟದ ಮೇಲಿನ ರುಮಾಲು ತೆಗೆದು ಸುತ್ತತೊಡಗಿದ. ಎರಡು ಸುತ್ತಿಗೆ ಎಡಗೈ ಕೆಳಗೆ ಬಿತ್ತು.

“ಕೈ ಏಳವಲ್ದರಿ ವಸ್ತಾದರ,” ಎಂದ.

“ಎಳ್ಳೆಣ್ಣಿ ಹಚ್ಚಿ ದಿನಾ ತೀಡತೇನಿ. ನಿಂದ ಏಳತೈತಿ.”

ರುಮಾಲಿನ ಒಂದು ತುದಿಯನ್ನು ಮುರಿಗೆಪ್ಪ ತನ್ನ ಬಲಗೈಯಲ್ಲಿ ಹಿಡಿದುಕೊಂಡ. ಉಳಿದದ್ದನ್ನು ಬೀರಸಿದ್ದಪ್ಪ ತನ್ನ ಬಲಗೈಯಿಂದ ಸುತ್ತಿದ.